ಅಣ್ಣನ ಹೆಸರಿನ ಚಾಕು

ಯುದ್ಧಕ್ಕೆ ಹೋದ ಮಗ ಹನ್ನೊಂದು ವರ್ಷವಾದರೂ ಮನೆಗೆ ಬರಲಿಲ್ಲ. ಸತ್ತನೆಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆಂದೂ ಹೇಳಲಿಲ್ಲ. ಅಂಥ ಮನೆಗೆ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಚಾಕು ತಂದ. ತುಕ್ಕು ಹಿಡಿದ ಅಲಗಿನ ಮೇಲೆ ಮಗನ ಹೆಸರು, ಒಂದು ದಳದ ನಂಬರು.

"ಯುದ್ಧ ನಡೆದ ಜಾಗದಲ್ಲಿ ಸಿಕ್ಕಿದ್ದು ತಾಯಿ. ದುಡ್ಡು ಬೇಡ. ಅವನ ಪದಕ, ಅವನು ಬರೆದ ಕಾಗದ ಕೊಡಿ ಸಾಕು. ಅಂಥವನ್ನ ಕೂಡಿಡೋರು ಇದ್ದಾರೆ."

ನೀರಿಗೆ ಬಿದ್ದವಳಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ತಾಯಿ ಪದಕ ಕೊಟ್ಟೇಬಿಟ್ಟಳು. ಕಾಗದಗಳಿದ್ದ ಪೆಟ್ಟಿಗೆಯ ಬೀಗದಕೈ ಮಗಳ ಹತ್ತಿರವಿತ್ತು, ಅದಕ್ಕೆ ಕಾಗದಗಳು ಉಳಿದವು. ನಾಳೆ ಬರುತ್ತೇನೆಂದು ವ್ಯಾಪಾರಿ ಹೋದ.

ಹೊಲಿಗೆ ಅಂಗಡಿಯಿಂದ ಬಂದ ಮಗಳು ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಂಬಬೇಕೆಂದೇ ಅವಳಿಗೂ ಆಸೆ. ಆದರೂ ತನ್ನ ಕತ್ತರಿಗಳಿಗೆ ಸಾಣೆ ಹಿಡಿಯುವ ಮುದುಕನನ್ನು ಕರೆತಂದಳು.

"ನೋಡೋದೇನಿದೆ? ನನ್ನ ಮಗನ ಹೆಸರೇ ಇದೆಯಲ್ಲ," ಎಂದಳು ತಾಯಿ.

"ಹೆಸರು ಯಾರು ಬೇಕಾದ್ರೂ ಕೊರೀತಾರೆ ಅಕ್ಕ. ಬೆಳ್ಳಗಿರೋದೆಲ್ಲ ಹಾಲಲ್ಲ, ತುಕ್ಕು ಹಿಡಿದದ್ದೆಲ್ಲ ಹಳೇದೂ ಅಲ್ಲ." ಸಾಣೆಯವನು ಅಲಗನ್ನು ಸವರಿದ. ಬೆರಳಿಗೆ ಕೆಂಪು ಪುಡಿ ಹತ್ತಿತು. "ವರ್ಷಗಟ್ಟಲೆ ಹಿಡಿದ ತುಕ್ಕು ಕಪ್ಪಗೆ ಕಚ್ಚಿಕೊಂಡಿರುತ್ತೆ. ಇದು ಆಸಿಡ್ ಹಾಕಿ ಬರಿಸಿದ ಹಾಗಿದೆ." ಭೂತಕನ್ನಡಿಯನ್ನು ಮಗಳ ಕೈಗೆ ಕೊಟ್ಟ. "ಅಕ್ಷರದ ಒಳಗೆ ನೋಡಮ್ಮ. ಸುತ್ತ ತುಕ್ಕು, ಒಳಗೆ ಮಾತ್ರ ಫಳಫಳ. ತುಕ್ಕು ಹಿಡಿಸಿದ ಮೇಲೆ ಹೆಸರು ಕೊರೆದಿದ್ದಾರೆ. ಮರದ ಹಿಡಿನೂ ಅಷ್ಟೆ, ಕೈ ಆಡೋ ಕಡೆ ಸವೆದೇ ಇಲ್ಲ."

"ಹಾಗಾದ್ರೆ ದಳದ ನಂಬರು ಅವನಿಗೆ ಹೇಗೆ ಗೊತ್ತಾಯ್ತು?" ತಾಯಿ ಪಟ್ಟು ಬಿಡಲಿಲ್ಲ.

ಮಗಳು ಪೆಟ್ಟಿಗೆಯಿಂದ ಅಣ್ಣನ ಕಾಗದ ತೆಗೆದಳು. ಅದರಲ್ಲಿ ಇಪ್ಪತ್ತೇಳನೇ ದಳ ಎಂದಿತ್ತು. ಚಾಕುವಿನ ಮೇಲೆ ಇಪ್ಪತ್ತನಾಲ್ಕು.

"ಅಮ್ಮ, ಇಪ್ಪತ್ನಾಲ್ಕು ಅಂತ ತಪ್ಪು ಹೇಳೋದು ನೀನೊಬ್ಬಳೇ. ಆ ಮನುಷ್ಯನಿಗೂ ಹೇಳಿದ್ಯಾ?"

ಹೋದ ವಾರ ವ್ಯಾಪಾರಿ ಬಾಗಿಲಲ್ಲಿ ಕೂತು, ನೀರು ಕುಡಿದು, ಮಗನ ವಿಷಯ ಒಂದೊಂದೇ ಕೇಳಿದ್ದ. ವರ್ಷಗಳಿಂದ ಯಾರೂ ಕೇಳಿರಲಿಲ್ಲ. ತಾಯಿ ಎಲ್ಲವನ್ನೂ ಹೇಳಿದ್ದಳು.

ಮರುದಿನ ವ್ಯಾಪಾರಿ ಬಂದ. ಬಾಗಿಲಲ್ಲಿ ಚಾಕು, ಭೂತಕನ್ನಡಿ ಹಿಡಿದು ಕೂತ ಸಾಣೆಯವನನ್ನು ಕಂಡು ಬೀದಿಯ ತಿರುವಿನಿಂದಲೇ ಕಾಲ್ಕಿತ್ತ. ಪೊಲೀಸರು ದೂರು ಬರೆದುಕೊಂಡರು. ಪದಕ ಸಿಗಲಿಲ್ಲ.

"ಒಂದು ದಿನವಾದ್ರೂ ನನ್ನ ಮಗ ಎಲ್ಲಿ ಬಿದ್ದ ಅಂತ ಗೊತ್ತಿತ್ತು," ಎಂದಳು ತಾಯಿ. "ಈಗ ಅದೂ ಇಲ್ಲ." ಮಗಳು ಅಣ್ಣನ ಕಾಗದವನ್ನು ತಾಯಿಯ ಕೈಗಿಟ್ಟಳು.

ಓದುವವರೇ, ಇಂಥವರು ನಿಮ್ಮ ಬಾಗಿಲಿಗೂ ಬಂದಾರು. ನಿಮ್ಮವರ ಹೆಸರು, ದಳ, ಊರು ನೀವಾಗಿ ಹೇಳಬೇಡಿ. ವಸ್ತು ಎಲ್ಲಿ ಸಿಕ್ಕಿತು, ಯಾರಿಂದ ಬಂತು ಎಂದು ಅವರೇ ಹೇಳಲಿ, ಬರೆದುಕೊಡಲಿ. ಕಬ್ಬಿಣ ಬಲ್ಲವರಿಗೆ ತೋರಿಸಿ. ಮನೆಯಲ್ಲಿ ನಿಜವಾದ ಹಳೇ ಚಾಕು ಇದ್ದರೆ ಉಜ್ಜಿ ಹೊಳೆಯಿಸಬೇಡಿ, ಆ ಕಪ್ಪೇ ಅದರ ಸಾಕ್ಷಿ. ಹೋದವರ ಕೈಬರಹವನ್ನು ಮಾತ್ರ ಯಾರು ಏನು ತಂದು ತೋರಿಸಿದರೂ ಕೊಡಬೇಡಿ. ಅದನ್ನು ಇನ್ನೊಮ್ಮೆ ಬರೆದುಕೊಡಲು ಅವರು ಬರುವುದಿಲ್ಲ.