ತೂತಿಲ್ಲದ ಮೆಟ್ಟು

ತಶಿನಾ ಬಾಯಲ್ಲಿ ನೆನೆಸಿಟ್ಟಿದ್ದ ಮುಳ್ಳುಹಂದಿಯ ಕೊನೆಯ ಮುಳ್ಳನ್ನು ಹಲ್ಲಿನಿಂದ ಚಪ್ಪಟೆ ಮಾಡಿ, ಜಿಂಕೆ ತೊಗಲಿನ ಮೇಲೆ ಮಡಿಚಿ ಹೊಲಿದಳು. ತಮ್ಮನ ಕೂಸಿಗೆ ಪುಟ್ಟ ಮೆಟ್ಟು ಸಿದ್ಧವಾಯಿತು. ಅಂಥ ಸೊಗಸಾದ ಕೆಲಸ ಆ ಬಿಡಾರದಲ್ಲಿ ಇನ್ನಾರ ಕೈಗೂ ಬಾರದು.

ತಮ್ಮನ ಹೆಂಡತಿ ವಿಯಾಕಾ ಅದನ್ನು ತಿರುಗಿಸಿ ನೋಡಿದಳು. ಅಡಿಯ ಅಟ್ಟೆ ಇಡಿಯಾಗಿತ್ತು. ಎಳೆಗೂಸಿನ ಮೆಟ್ಟಿನ ಅಟ್ಟೆಯಲ್ಲೊಂದು ತೂತು ಬಿಡಬೇಕು. ಸತ್ತವರು ಕರೆಯಲು ಬಂದರೆ ಕೂಸು, ‘ನನ್ನ ಮೆಟ್ಟು ಹರಿದಿದೆ, ಅಷ್ಟು ದೂರ ನಡೆಯಲಾರೆ’ ಎನ್ನಬೇಕಲ್ಲ.

“ಅತ್ತಿಗೆ, ತೂತು ಮರೆತ್ರಾ?”

“ನನ್ನ ಕೆಲಸದಲ್ಲಿ ತೂತಾ? ನಿನ್ನ ಮೊದಲನೇ ಕೂಸಿಗೆ ನೀನೇ ಹೊಲಿದಿದ್ಯಲ್ಲ, ಸೊಟ್ಟಪಟ್ಟ. ತೂತೂ ಇತ್ತು. ಆ ಕೂಸು ಉಳೀತಾ?”

ಮಣಿ ಪೋಣಿಸುತ್ತಿದ್ದ ಹೆಂಗಸರು ನಕ್ಕರು. ವಿಯಾಕಾಳೂ ನಕ್ಕಳು, ನಗದಿದ್ದರೆ ಇನ್ನೊಂದು ಮಾತು ಬೀಳುತ್ತಿತ್ತು.

ಹೋದ ಸಲ ತೂತು ದಬ್ಬಳದ ಮೊನೆಯಷ್ಟೇ ಇತ್ತು. ಸತ್ತವರ ಕಣ್ಣಿಗೆ ಬೀಳಲಿಲ್ಲವೇನೋ. ವಿಯಾಕಾ ಮನೆಗೆ ಬಂದವಳೇ ಚಾಕು ಹಿಡಿದು, ಎರಡೂ ಅಟ್ಟೆಗಳನ್ನು ಹೆಬ್ಬೆರಳು ತೂರುವಷ್ಟು ಕೊಯ್ದಳು.

ಹೆಸರಿಡುವ ದಿನ ಕೂಸು ಎಲ್ಲರ ನಡುವೆ ಕಾಲೆತ್ತಿ ಒದೆಯಿತು. ತಶಿನಾ ಕಂಡಳು. ಹಿರಿಯರೆಲ್ಲ ಸಾರು ಕುಡಿದು ಬಟ್ಟಲು ಕೆಳಗಿಡುವವರೆಗೂ ಕಾದಳು.

“ನೋಡಿ, ನಾನು ಕೊಟ್ಟಿದ್ದಕ್ಕೆ ಸಿಕ್ಕಿದ ಮರ್ಯಾದೆ. ನಾಯಿ ಕಚ್ಚಿದ್ರೂ ಇಷ್ಟು ಹರೀತಿರಲಿಲ್ಲ.”

“ಮಗು ಉಳೀಲಿ ಅಂತ, ಅತ್ತಿಗೆ…”

“ಉಳಿಸೋದು ನಿನಗೆ ಬರ್ತಿದ್ರೆ ಇದರ ಅಣ್ಣ ಇವತ್ತು ಪಕ್ಕದಲ್ಲಿ ಕೂತಿರ್ತಿದ್ದ.”

ವಿಯಾಕಾ ಗಂಡನ ಕಡೆ ನೋಡಿದಳು. ಅವರಲ್ಲಿ ಅಕ್ಕನ ಮುಖ ನೋಡಿ ಮಾತಾಡುವುದು ಗಂಡಸಿಗೆ ಹೇಳಿದ್ದಲ್ಲ. ಹೆಹಾಕಾ ನೆಲ ನೋಡುತ್ತ ಕೂತಿದ್ದ.

ತಶಿನಾ ಚೀಲದಿಂದ ತೊಗಲಿನ ಚೂರು ತೆಗೆದು ಅಲ್ಲೇ ಕೂತು ತೇಪೆ ಹಾಕಿದಳು. ಆತುರಪಡಲಿಲ್ಲ. ಒಂದೊಂದು ತೇಪೆಯ ಮೇಲೂ ಕೆಂಪು ಮುಳ್ಳಿನ ನಕ್ಷತ್ರವೊಂದು ಮೂಡಿತು. ಹೆಂಗಸರು ಬಗ್ಗಿ ನೋಡಿ ಬೆರಗಾದರು. ಅವಳು ಮೆಟ್ಟನ್ನು ಕೂಸಿನ ಕಾಲಿಗೆ ತೊಡಿಸಿ ದಾರ ಬಿಗಿದಳು.

“ಹೇಗಿದೆ? ಹೇಳೇ, ಎಲ್ಲರಿಗೂ ಕೇಳಲಿ.”

“ಚೆನ್ನಾಗಿದೆ, ಅತ್ತಿಗೆ.”

ಮನೆಯಲ್ಲಿ ವಿಯಾಕಾ ಮೆಟ್ಟಿನ ದಾರದ ಗಂಟಿಗೆ ಕೈ ಹಾಕಿದಾಗ ಹೆಹಾಕಾ ಮಣಿಕಟ್ಟು ಹಿಡಿದ.

“ಮುಟ್ಟಬೇಡ. ಒಂದು ಸಲ ತಲೆ ತಗ್ಗಿಸಿದ್ದು ಸಾಕು.”

ಚಾಕುವನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದ.

ಕೂಸು ಕಾಲುಗಳನ್ನು ಒಂದಾದ ಮೇಲೊಂದು ಎತ್ತಿ ಇಳಿಸುತ್ತಿತ್ತು, ಎಲ್ಲಿಗೋ ಹೊರಟವರ ಹಾಗೆ. ವಿಯಾಕಾ ಆ ಪಾದಗಳನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡು ಕೂತಳು.