ತುಲಾಭಾರಕ್ಕೆ ಮುಂಚಿನ ಜುಲಾಬು

೧೯೮೬ರ ಏಪ್ರಿಲ್ ೬, ಭಾನುವಾರ, ಬೆಳಿಗ್ಗೆ ಆರೂವರೆ ಗಂಟೆಗೆ ನನ್ನ ಮಾವ ಜಗದೇವಪ್ಪನವರು ಜೋಳದ ಚೀಲ ತೂಗುವ ಕಾಟಾದ ಮೇಲೆ ಹತ್ತಿ ನಿಂತರು. ನಾನು ಗುಂಡನ್ನು ಸರಿಸುತ್ತ ಹೋದೆ. ಎಪ್ಪತ್ನಾಲ್ಕು ಕಿಲೋಕ್ಕೆ ಕಡ್ಡಿ ಅಲುಗಾಡದೆ ನಿಂತಿತು.

"ಕಾಲೇಜಿನ ಲೆಕ್ಕ ಬ್ಯಾಡ್ರಿ ಅಳ್ಯಾರ, ಖರೇ ತೂಕ ಹೇಳ್ರಿ," ಎಂದರು.

ನಾನು ಜೇವರ್ಗಿಯಲ್ಲಿ ಜೂನಿಯರ್ ಕಾಲೇಜಿನ ಹುಡುಗರಿಗೆ ಭೌತಶಾಸ್ತ್ರ ಹೇಳುವವನು. ರಜೆಗೆಂದು ಅಫಜಲಪುರದಾಚೆ, ಭೀಮೆಯ ದಂಡೆಯಲ್ಲಿರುವ ಮಾವನ ಊರಿಗೆ ಬಂದಿದ್ದೆ. ಕಾಟಾದಲ್ಲಿ ದೋಷವಿಲ್ಲ ಎಂದು ಅವರಿಗೆ ತೋರಿಸಿಕೊಟ್ಟೆ. ಅವರು ರುಮಾಲು, ಅಂಗಿ ತೆಗೆದಿಟ್ಟು ಮತ್ತೆ ಹತ್ತಿದರು. ಹೆಚ್ಚಿನ ಉಪಯೋಗವಾಗಲಿಲ್ಲ.

ತೂಕದ ಪ್ರಶ್ನೆ ಬಂದದ್ದು ಹರಕೆಯಿಂದ. ಎರಡು ವರ್ಷದ ಕೆಳಗೆ ಮಾವನವರಿಗೆ ವಿಷಮಜ್ವರ ಬಂದು ಬದುಕುವುದೇ ಅನುಮಾನವಾಗಿದ್ದಾಗ, ಅತ್ತೆ ಸುಮಿತ್ರಾಬಾಯಿ ಊರ ಮಠಕ್ಕೆ ಹರಕೆ ಹೊತ್ತಿದ್ದರು: ಗಂಡ ಎದ್ದು ಕೂತರೆ ಅವರ ತೂಕದಷ್ಟು ಬೆಲ್ಲ, ಅದೂ ಸ್ವಂತ ಹೊಲದ ಕಬ್ಬಿನ ಬೆಲ್ಲ. ಗಂಡ ಎದ್ದು ಕೂತರು. ಆದರೆ ಅತ್ತೆ ತುಲಾಭಾರಕ್ಕೆ ಅವಸರ ಮಾಡಲಿಲ್ಲ. "ಎಲಬಿನ ಹಂದರ ತೂಗಿ ಕೊಟ್ಟು ದೇವರಿಗೆ ಮೋಸ ಮಾಡ್ಲೇನು? ಮೈ ತುಂಬಲಿ," ಎಂದು ಎರಡು ವರ್ಷ ಹಾಲು, ಬೆಣ್ಣೆ, ಹೋಳಿಗೆ ಹಾಕಿ ಮೈ ತುಂಬಿಸಿದ್ದರು. ಮಾವನವರ ಕಣ್ಣಲ್ಲಿ ಮಾತ್ರ ತಾವಿನ್ನೂ ಜ್ವರ ಬಿಟ್ಟೆದ್ದ ಮನುಷ್ಯರೇ. ಅಂದಾಜಿನ ಮೇಲೆ ಅರವತ್ತಾರು ಕಿಲೋ ಬೆಲ್ಲ ತೆಗೆದಿಟ್ಟು, ಉಳಿದದ್ದನ್ನೆಲ್ಲ ಕಲಬುರ್ಗಿ ಪೇಟೆಗೆ ಕಳಿಸಿಬಿಟ್ಟಿದ್ದರು. ಕಬ್ಬಿನ ಹಂಗಾಮು ಮುಗಿದಿತ್ತು. ತುಲಾಭಾರ ಏಪ್ರಿಲ್ ೨೮ರ ಸೋಮವಾರ ಎಂದು ಮಠದಲ್ಲಿ ಗೊತ್ತಾಗಿತ್ತು.

"ಭಾವನವರ ಮನ್ಯಾಗ ಬೆಲ್ಲ ಅದ," ಎಂದರು ಅತ್ತೆ. "ಹೊಲ ಮೊದಲ ಒಂದೇ ಇತ್ತಲ್ಲ, ನಮ್ಮ ಹೊಲದ್ದೇ ಅಂದಂಗಾತು."

ಭಾವ ಎಂದರೆ ಮಾವನವರ ಅಣ್ಣ ದೌಲತರಾಯರು. ಅಣ್ಣತಮ್ಮಂದಿರ ಮನೆಗಳ ನಡುವೆ ಒಂದೇ ಗೋಡೆ. ಪಾಲಾದಾಗ ಹೊಲ, ಎತ್ತು, ಬಾವಿಯ ನೀರು ಎಲ್ಲವೂ ಎರಡಾಯಿತು. ಬೆಲ್ಲ ಕಾಸುವ ಕಬ್ಬಿಣದ ಕಡಾಯಿ ಎರಡಾಗಲಿಲ್ಲ. ಅದು ಅಣ್ಣನ ಪಾಲಿಗೆ ಹೋಯಿತು. ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು.

"ಅವನ ಬೆಲ್ಲ ತಿಂದ್ರ ಬಾಯಿ ಕಹಿ ಆಗ್ತದ," ಎಂದು ಮಾವನವರು ಗೋಡೆಯಾಚೆ ಕೇಳುವಂತೆ ಹೇಳಿದರು. "ಬೆಲ್ಲ ಹೆಚ್ಚಾಗೂದಿಲ್ಲ. ನಾನೇ ಕಮ್ಮಿ ಆಗ್ತೀನಿ."

ಕಮ್ಮಿಯಾಗುವ ದಾರಿ ಹೇಳಿದವನು ಅಫಜಲಪುರದಲ್ಲಿ ಬೇರು, ಚೂರ್ಣ ಮಾರುವ ಲಾಡ್ಲೆಸಾಬ. ದೇಹಶುದ್ಧಿ ಮಾಡಿಕೊಂಡರೆ ಒಳಗಿನ ಹೊಲಸೆಲ್ಲ ಹೋಗಿ ಮನುಷ್ಯ ಹೂವಿನಷ್ಟು ಹಗುರಾಗುತ್ತಾನೆ ಎಂದ.

"ಮೊದಲ ಏನು ಮಾಡಬೇಕು?"

"ಮೊದಲ ತುಪ್ಪ ಕುಡೀಬೇಕ್ರಿ ಸಾವ್ಕಾರ್ರ."

"ತುಪ್ಪ?"

"ಹೌದ್ರಿ. ದಿನಾ ಬರೇ ಹೊಟ್ಟಿಲೆ. ದಿನಕ್ಕೊಂದೀಟು ಹೆಚ್ಚು. ಒಳಗಿಂದು ಮೆತ್ತಗ ಆಗಬೇಕಲ್ಲ? ಆಮ್ಯಾಲ ಬೆವರು, ಆಮ್ಯಾಲ ಜುಲಾಬು."

ಮೈ ಇಳಿಸಲು ತುಪ್ಪ ಕುಡಿಯುವುದು ನನಗೆ ಒಪ್ಪಿಗೆಯಾಗಲಿಲ್ಲ. ತುಪ್ಪದ ಶಕ್ತಿಯ ಲೆಕ್ಕವನ್ನು ಮಾವನವರ ಮುಂದೆ ಇಟ್ಟೆ. ಅವರು ಪೂರ್ತಿ ಕೇಳಿ, "ಅಳ್ಯಾರ, ನೀವು ಕಲ್ತಿದ್ದು ಇಂಗ್ರೇಜಿ ತುಪ್ಪದ ಲೆಕ್ಕ, ಇದು ನಮ್ಮ ಎಮ್ಮೀದು," ಎಂದರು. ಅತ್ತೆಗಂತೂ ಈ ಚಿಕಿತ್ಸೆ ಮೊದಲ ದಿನವೇ ಹಿಡಿಸಿತು. ಬಟ್ಟಲು ತುಂಬಿಸುವಾಗ ಅವರ ಕೈ ಧಾರಾಳವಾಗಿತ್ತು. ವಾರ ಕಳೆದು ಕಾಟಾ ಹತ್ತಿಸಿದಾಗ ಮಾವನವರು ಎಪ್ಪತ್ತೈದೂವರೆ ಇದ್ದರು.

"ಹೊಲಸು ಮ್ಯಾಲ ಬಂದದ," ಎಂದು ಅವರು ಸಮಾಧಾನಪಟ್ಟುಕೊಂಡರು.

ಬೆವರು ತೆಗೆಯುವ ಕೆಲಸ ಅಂಗಳದಲ್ಲಿ ನಡೆಯಿತು. ಹಗ್ಗ ಹೆಣೆದ ಹೊರಸಿನ ಮೇಲೆ ಮಾವನವರು ಮೈಗೆಲ್ಲ ಎಣ್ಣೆ ತಿಕ್ಕಿಕೊಂಡು ಕೂತರು. ಕೆಳಗೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಕುದಿಯುವ ಹಂಡೆ. ಮೇಲಿನಿಂದ ನೆಲದವರೆಗೆ ಎರಡು ಕಂಬಳಿ. ತಲೆ ಮಾತ್ರ ಹೊರಗೆ. ಆ ಮಧ್ಯಾಹ್ನ ನೆರಳಿನಲ್ಲೇ ನಲವತ್ತೆರಡು ಡಿಗ್ರಿ ಬಿಸಿಲಿತ್ತು; ಉಷ್ಣಮಾಪಕ ನನ್ನದೇ. ದೌಲತರಾಯರು ಗೋಡೆಯ ಮೇಲಿಂದ ಇಣುಕಿ, ಯಾರನ್ನೂ ಉದ್ದೇಶಿಸದೆ, "ಎಮ್ಮಿ ಬೇಸಾಕತ್ತಾರೇನು?" ಎಂದು ಆಕಾಶವನ್ನು ಕೇಳಿ ಇಳಿದರು. ಅರ್ಧ ತಾಸಾದ ಮೇಲೆ ಹೊರಬಂದ ಮಾವನವರು ಬಿಸಿಲಲ್ಲಿ ನಿಂತು, "ಆಹಾ, ಎಷ್ಟು ಥಂಡಿ ಗಾಳಿ," ಎಂದರು.

ಆಮೇಲೆ ಔಡಲೆಣ್ಣೆಯ ಜುಲಾಬು. ಅಂದು ಅವರು ತಂಬಿಗೆ ಹಿಡಿದು ಹಿತ್ತಲ ಬಯಲಿಗೆ ಹೋದದ್ದಕ್ಕೂ ಬಂದದ್ದಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟವಾಗಿತ್ತು. ನಂತರ ಬರಿಯ ಗಂಜಿ. ತೂಕ ಇಳಿಯಿತು, ನಾನೇ ಅಚ್ಚರಿಪಟ್ಟೆ. ಆದರೆ ಗಂಡ ಸೊರಗುವುದನ್ನು ಕಂಡು ಅತ್ತೆಗೆ ಭಯವಾಯಿತು. ದೇವರು ಪೂರಾ ಗಂಡನನ್ನು ಕೊಟ್ಟಿದ್ದಾನೆ, ತಾವು ಅರೆ ಗಂಡನನ್ನು ತೂಗಿಸಿದರೆ ಹರಕೆ ಮುಟ್ಟುತ್ತದೆಯೇ? ಹಾಗಾಗಿ ತುಲಾಭಾರದ ಮುಂಚಿನ ರಾತ್ರಿ ಗಂಜಿಯ ಜೊತೆ, ಹೊಟ್ಟೆ ಕಟ್ಟಲಿ ಎಂದು, ದಾಳಿಂಬೆ ಸಿಪ್ಪೆ ಅರೆದು ಹಾಕಿದ ಮಜ್ಜಿಗೆ ಕುಡಿಸಿದರು. ಅದನ್ನು ಯಾರಿಗೂ ಹೇಳಲಿಲ್ಲ.

ಸೋಮವಾರ ಬೆಳಗಿನ ಜಾವ ಮಾವನವರು ಕಾಟಾ ಹತ್ತಿ ನೋಡಿಕೊಂಡರು. ಇನ್ನೂ ಮೂರು ಕಿಲೋಕ್ಕಿಂತ ಹೆಚ್ಚಿತ್ತು. ಅವರೂ ಯಾರಿಗೂ ಹೇಳದೆ ಉಳಿದ ಔಡಲೆಣ್ಣೆಯನ್ನೆಲ್ಲ ಕುಡಿದರು. ಮಠಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂಬುದು ಅವರ ಲೆಕ್ಕ. ಮಜ್ಜಿಗೆ ಆ ಲೆಕ್ಕದಲ್ಲಿ ಇರಲಿಲ್ಲ. ಹೊರಡುವ ತನಕ ಏನೂ ಆಗಲಿಲ್ಲ.

ಮಠದ ತೊಲೆಗೆ ದೊಡ್ಡ ತಕ್ಕಡಿ ಕಟ್ಟಿದ್ದರು. ಅಲ್ಲಿಯ ಪದ್ಧತಿ ಒಂದೇ: ತಟ್ಟೆಯಲ್ಲಿ ಕೂತವರು ಎರಡೂ ಕಡೆ ಸಮವಾಗುವವರೆಗೆ ಇಳಿಯಬಾರದು. ಇಳಿದರೆ ಹರಕೆ ಮುರಿದಂತೆ. ಮಾವನವರು ಕೂತರು. ಎದುರು ತಟ್ಟೆಗೆ ನಮ್ಮ ಬೆಲ್ಲದ ಪೆಂಟಿಗಳು, ಅಂದರೆ ದೊಡ್ಡ ಅಚ್ಚುಗಳು, ಒಂದೊಂದಾಗಿ ಹೋದವು. ಕೊನೆಯ ಪೆಂಟಿ ಇಟ್ಟ ಮೇಲೂ ಮಾವನವರು ನೆಲದ ಹತ್ತಿರವೇ ಇದ್ದರು.

ಆಗಲೇ ಅವರ ಹೊಟ್ಟೆಯಿಂದ, ದೂರದಲ್ಲಿ ಲಾರಿಯೊಂದು ಗೇರು ಬದಲಿಸಿದಂಥ ಸದ್ದು ಕೇಳಿಸಿತು.

"ಅಳ್ಯಾರ," ಎಂದರು ಮೆಲ್ಲಗೆ. "ನಾ ಇಳೀತೀನಿ."

"ಇಳೀಬ್ಯಾಡ್ರಿ! ನನ್ನ ಹರಕಿ!" ಅತ್ತೆ ಎರಡೂ ಕೈಯಿಂದ ತಟ್ಟೆಯ ಸರಪಳಿ ಹಿಡಿದುಕೊಂಡರು. "ನೀವು ಸಾಯೂ ಹೊತ್ತಿನ್ಯಾಗ ನಾ ಹೊತ್ತಿದ್ದು ಅದು. ಮುರಿದ್ರ ನಿಮಗೇನರೆ ಆದ್ರ ನಾ ಏನು ಮಾಡ್ಲಿ?" ಅವರ ಕಣ್ಣಲ್ಲಿ ನೀರು ಬಂದಿತ್ತು. ಮಾವನವರು ಅದನ್ನು ನೋಡಿದರು. ಇಳಿಯಲಿಲ್ಲ.

"ಈ ಹೊಲದ ಬೆಲ್ಲ ಮತ್ತ ಯಾರ ಹತ್ತಿರ ಅದ?" ಎಂದು ಸ್ವಾಮಿಗಳು ಕೇಳಿದರು. ಎಲ್ಲರೂ ಕಂಬದ ಕಡೆ ತಿರುಗಿದರು. ಕಂಬಕ್ಕೊರಗಿ ದೌಲತರಾಯರು ಕೂತಿದ್ದರು. ಪಕ್ಕದಲ್ಲಿ ಧೋತರದ ತುಂಡಿನಲ್ಲಿ ಕಟ್ಟಿದ ಗುಂಡನೆಯ ಗಂಟು. ಅವರು ತೊಲೆಗಳನ್ನು ಎಣಿಸುವವರಂತೆ ಮೇಲೆ ನೋಡುತ್ತಿದ್ದರು.

"ಅಳ್ಯಾರ," ಎಂದರು ಮಾವನವರು, ಹಣೆಯ ಬೆವರು ಒರೆಸಿಕೊಂಡು, "ಅಲ್ಲಿ ಕೂತಾರಲ್ಲ, ಅವರಿಗೆ ಕೇಳ್ರಿ."

"ಅಳ್ಯಾರ," ಎಂದರು ದೌಲತರಾಯರು, "ಅವರು ಅಂದ್ರ ಯಾರು, ಅವರಿಗೇ ಕೇಳ್ರಿ."

ಇಬ್ಬರ ನಡುವೆ ಐದಾರು ಅಡಿ ಇದ್ದಿರಬಹುದು. ಲಾರಿ ಈ ಸಲ ಇನ್ನೂ ಹತ್ತಿರ ಬಂತು.

"ಅಣ್ಣಾ!"

ದೌಲತರಾಯರು ತೊಲೆಯಿಂದ ಕಣ್ಣು ಇಳಿಸಿದರು.

"ಏನೋ ಜಗ್ಗ್ಯಾ?"

"ಬೆಲ್ಲ ಇಡೋ."

"ನನ್ನ ಬೆಲ್ಲ ತಿಂದ್ರ ಬಾಯಿ ಕಹಿ ಆಗ್ತದಂತಲ್ಲ?"

"ಸಿಹಿ ಅದ ಅಣ್ಣಾ, ಸಿಹಿ ಅದ. ಲಗೂ ಇಡು!"

"ತಿನ್ನದ ಹ್ಯಾಂಗ ಗೊತ್ತಾತು?" ಎನ್ನುತ್ತ ದೌಲತರಾಯರು ಗಂಟು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಹಲ್ಲು ಹಚ್ಚಿ ಬಿಚ್ಚಿ, ಹತ್ತು ಕಿಲೋದ ಇಡೀ ಪೆಂಟಿಯನ್ನು ತಟ್ಟೆಗೆ ಇಟ್ಟರು. ಮಾವನವರು ಸರ್ರನೆ ಗಾಳಿಗೆ ಏರಿ, ಎರಡೂ ಕಾಲು ಒತ್ತಿ ಹಿಡಿದು, ಊರಿನವರ ತಲೆಗಳ ಮೇಲೆ ತೂಗಾಡತೊಡಗಿದರು.

"ಹೆಚ್ಚಾತು," ಎಂದರು ಸ್ವಾಮಿಗಳು. "ಸಮ ಆಗಬೇಕು."

ಪೆಂಟಿಯನ್ನು ತೆಗೆದರು, ಮಾವನವರ ತಟ್ಟೆ ಮತ್ತೆ ನೆಲದ ಹತ್ತಿರ ಬಂತು. ದೌಲತರಾಯರು ಮಠದ ಕುಡುಗೋಲಿನಿಂದ ಬೆಲ್ಲ ಕೆತ್ತಿ ಕೆತ್ತಿ ತಟ್ಟೆಗೆ ಹಾಕುತ್ತ ಹೋದರು. "ಸಾಕೇನೋ?" "ಸಾಕು ಅಣ್ಣಾ." "ಇನ್ನೂ ಇಲ್ಲ ತಡಿ, ದೇವರ ಕೆಲಸ." ಕೊನೆಗೆ ಬೆರಳಷ್ಟು ದಪ್ಪದ ಒಂದು ಚೂರು ಬಿದ್ದು ಮುಳ್ಳು ನೆಟ್ಟಗೆ ನಿಂತಿತು.

"ಸಮ!"

ಮಾವನವರು ಹಾರಿದರು. ಹೊಸ್ತಿಲಲ್ಲಿ ಅವರಿಗಿಂತ ಮುಂಚೆ ಹೋಗಿ ನಿಂತಿದ್ದ ದೌಲತರಾಯರು ನೀರು ತುಂಬಿದ ತಂಬಿಗೆಯನ್ನು ತಮ್ಮನ ಕೈಗೆ ಕೊಟ್ಟರು. ತಮ್ಮ ಅದನ್ನು ಓಡುತ್ತಲೇ ಹಿಡಿದರು.

ಅಣ್ಣನ ಪೆಂಟಿಯಿಂದ ಹರಕೆಗೆ ಹೋದದ್ದು ಮೂರು ಕಿಲೋ ಇನ್ನೂರು ಗ್ರಾಂ. ಮಾವನವರು ಮರಳಿ ಬಂದ ಮೇಲೆ, ಉಳಿದ ತುಂಡನ್ನು ಅಣ್ಣತಮ್ಮಂದಿರ ನಡುವೆ ಕಟ್ಟೆಯ ಮೇಲಿಟ್ಟು, ನಾನು ಸ್ವಾಮಿಗಳ ಜೊತೆ ಒಳಗೆ ಹೋದೆ. ಇಬ್ಬರೂ ಕಡಾಯಿಯ ಬಗ್ಗೆ ಜೋರಾಗಿ ಬೈದಾಡುವುದು ಒಳಗೂ ಕೇಳುತ್ತಿತ್ತು. ನಡುನಡುವೆ ಬಾಯಲ್ಲಿ ಏನೋ ತುಂಬಿಕೊಂಡಂತೆ ಮಾತು ತೊದಲುತ್ತಿತ್ತು. ಆರು ಕಿಲೋ ಎಂಟುನೂರು ಗ್ರಾಂ ಇರಬೇಕಾಗಿದ್ದ ಆ ತುಂಡನ್ನು ಸಂಜೆ ಮನೆಗೆ ಒಯ್ದು ತೂಗಿದೆ. ಆರು ಕಿಲೋ ನಾನೂರು ಗ್ರಾಂ ಇತ್ತು.