ಕದಿರೇಶನ ತಾಯತ

ಚೆಂಡುಹೂವಿನ ವಾಸನೆ, ಎಲ್ಲಿಂದ ಬಂತಪ್ಪ ಇದು, ಓ, ಎದುರು ಸೀಟಿನ ಕೆಳಗೆ ಯಾರೋ ಹೂವಿನ ಮಂಕರಿ ತಳ್ಳಿದ್ದಾರೆ, ಅದರಿಂದ ಒಂದು ಕೇಸರಿ ಎಸಳು ಜಾರಿ ಸಹನಳ ಚಪ್ಪಲಿಯ ಪಕ್ಕ ಬಂದು ಕೂತಿದೆ, ಮಾಲೂರು ಬಿಟ್ಟ ಪ್ಯಾಸೆಂಜರು ಗಾಡಿ ಕುಲುಕಿದಾಗೆಲ್ಲ ಅದೂ ಕುಲುಕುತ್ತದೆ — ಅದೇ ಬಣ್ಣ, ಅವತ್ತು ಮೇಜಿನ ಮೇಲೆ ಬಿದ್ದದ್ದು ಒಣಗಿತ್ತು ಅಷ್ಟೆ. ಅವಳಿಗೆ ನಗು ತಡೆಯಲಾಗುತ್ತಿಲ್ಲ, ಒಬ್ಬಳೇ ಕೂತು ನಕ್ಕರೆ ಜನ ಏನಂದುಕೊಂಡಾರು, ಅಂದುಕೊಳ್ಳಲಿ ಬಿಡು, ಗೆದ್ದವಳು ನಗದೆ ಇನ್ಯಾರು ನಗಬೇಕು, ಟೇಕಲ್ಲಿನಲ್ಲಿ ಅಪ್ಪ ಸ್ಕೂಟರ್ ತಂದು ಕಾಯುತ್ತಿರುತ್ತಾನೆ, ಮೊದಲು ಅವನಿಗೇ ಹೇಳಬೇಕು, ಕದಿರೇಶನ ರಕ್ತದಲ್ಲಿ ಏನೂ ಇಲ್ಲವಂತೆ ಕಣಪ್ಪ, ಏನೂ ಇಲ್ಲವಂತೆ. ಆ ಎರಕದ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿ ಎಂದು ಸೇರಿದ ದಿನ ಇದೆಲ್ಲ ಯಾರಿಗೆ ಗೊತ್ತಿತ್ತು, ಒಂದು ಕೋಣೆ ತೋರಿಸಿದರು, ಎರಕ ಹೊಯ್ದ ಕಬ್ಬಿಣದ ಒಳಗೆ ಬಿರುಕಿದೆಯೋ ಎಂದು ವಿಕಿರಣ ಹಾಯಿಸಿ ನೋಡುವ ಕೋಣೆ, ಅದು ಕಣ್ಣಿಗೆ ಕಾಣದು, ಮೂಗಿಗೆ ವಾಸನೆಯಿಲ್ಲ, ಮೈಗೆ ತಾಗಿದರೂ ಉರಿಯದು, ಅದಕ್ಕೇ ಒಳಗೆ ಹೋಗುವ ಒಬ್ಬೊಬ್ಬನ ಎದೆಗೂ ಒಂದು ಬ್ಯಾಡ್ಜು, ಎಷ್ಟು ತಾಗಿತು ಎಂಬುದನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗುತ್ತದೆ, ಅಲ್ಲಿಂದ ಅಂಕಿ ಬರುತ್ತದೆ, ಬಂದ ಅಂಕಿ ಆಫೀಸಿನ ಬೀರುವಿನಲ್ಲಿ ಸುಖವಾಗಿ ಮಲಗುತ್ತದೆ, ಮೈ ಯಾರದೋ ಅವರಿಗೆ ಮಾತ್ರ ಯಾರೂ ಹೇಳುವುದಿಲ್ಲ. ಕೆಲಸಗಾರರು ಅದನ್ನು ತಾಯತ ಎನ್ನುತ್ತಿದ್ದರು, ಲೇ ಆಂಜಿ, ತಾಯತ ಹಾಕ್ಕೊಂಡ್ಯೇನ್ಲಾ, ಒಳಕ್ಕೆ ಹೋಗ್ತಿದೀಯ, ತಮಾಷೆಗೆ ಅನ್ನುತ್ತಾರೆ ಎಂದುಕೊಂಡು ಅವಳೂ ನಕ್ಕಿದ್ದಳು.

ಆ ಕೋಣೆಯ ವಿಕಿರಣದ ಮಿಷನ್ನು ನಡೆಸುವ ಕದಿರೇಶನ ಅಂಕಿ ಬಂದ ಮಧ್ಯಾಹ್ನ ನಗು ನಿಂತಿತು, ಒಂದು ವರ್ಷಕ್ಕೆ ತಾಗಬಹುದಾದ ಮಿತಿಯನ್ನೂ ಮೀರಿದ ಅಂಕಿ, ಅವನೊಬ್ಬನದೇ, ಹೆಂಡತಿ ಅನಿತ ತುಂಬಿದ ಬಸುರಿ, ಸಂಸಾರಕ್ಕೆ ಇವನದೊಂದೇ ದುಡಿಮೆ, ಮ್ಯಾನೇಜರ್ ಗಂಗಾಧರ್ ಬಾಗಿಲು ಹಾಕಿಕೊಂಡು ದನಿ ಇಳಿಸಿದರು, ನೋಡಿ ಸಹನಾ, ಹೇಳಿದ್ರೆ ಎಲ್ಲಾ ಹೆದರಿ ಕೆಲಸ ಬಿಟ್ಟು ಓಡೋಗ್ತಾರೆ, ಈ ತಿಂಗಳಿಗೆ ಅವನ ಕಾಂಟ್ರಾಕ್ಟ್ ಮುಗಿಸಿ ಕಳಿಸಿಬಿಡೋಣ, ಹೆಸರಿಗೆ ತಕ್ಕ ಹಾಗೆ ಸ್ವಲ್ಪ ಸಹನೆ ಇಟ್ಕೊಳ್ಳಿ. ಸಹನೆಯಂತೆ ಸಹನೆ, ಈ ಹೆಸರಿಟ್ಟ ಅಪ್ಪನೇ ಶಿವಾರಪಟ್ಟಣದಲ್ಲಿ ದೇವರ ಮೂರ್ತಿ ಕೆತ್ತಿ ಕೆತ್ತಿ ಎದೆ ತುಂಬ ಕಲ್ಲಿನ ಧೂಳು ತುಂಬಿಕೊಂಡು ಕೆಮ್ಮುತ್ತಿದ್ದಾನೆ, ಮೊದಲೇ ಒಬ್ರು ಹೇಳಿದ್ರೆ ಮೂಗಿಗೆ ಬಟ್ಟೆನಾದ್ರೂ ಕಟ್ಕೊಂಡಿರ್ತಿದ್ದೆ ಕಣಮ್ಮ — ಅಪ್ಪನ ಆ ಒಂದು ಮಾತು ನೆನಪಾದದ್ದೇ ಬಾಯಿ ತಾನಾಗಿ ಹೇಳಿತು, ಅದು ಅವರ ಮೈ ಸಾರ್, ಕಾನೂನೂ ಹಾಗೇ ಹೇಳುತ್ತೆ, ನಾಳೆ ನಾನೇ ಹೇಳ್ತೀನಿ, ಕಳಿಸೋದಿದ್ರೆ ನನ್ನನ್ನೂ ಅವನ ಜೊತೆಗೇ ಕಳಿಸಿ. ರಾತ್ರಿಯೆಲ್ಲ ನಿದ್ದೆಯಿಲ್ಲ, ಕೆಲಸ ಹೋದರೆ ಹೋಗಲಿ ಅಂದುಕೊಳ್ಳುವುದು, ಮತ್ತೆ ಅಪ್ಪನ ಮಾತ್ರೆಗಳ ನೆನಪು ಬರುವುದು.

ಮಾರನೆಯ ದಿನ ಟೀ ಹೊತ್ತಿನಲ್ಲಿ ಹೊಂಗೆಮರದ ಕೆಳಗೆ ಎಲ್ಲರನ್ನೂ ಕೂರಿಸಿಕೊಂಡು ಬ್ಯಾಡ್ಜಿನ ಅಂಕಿ ಬಂದಿದೆ ಎಂದಳು, ಕದಿರೇಶನನ್ನು ಮಾತ್ರ ಆ ಕಡೆ ಕರೆದು ಹೇಳೋಣವೆಂದರೆ ಅವನೇ, ಇಲ್ಲೇ ಹೇಳಿ ಮೇಡಂ, ನಂದೆಷ್ಟು, ಎಂದ, ಹೇಳಿದಳು, ಅವನು ಟೀ ಲೋಟ ಕೆಳಗಿಟ್ಟು ತಲೆ ತಗ್ಗಿಸಿದ, ಪಾಪ, ಮುಖದಲ್ಲಿ ರಕ್ತವೇ ಇಲ್ಲ, ಅಯ್ಯೋ ಹೇಳಬಾರದಿತ್ತೇನೋ, ಗಂಗಾಧರ್ ಸಾರ್ ಹೇಳಿದ್ದೇ ಸರಿಯಿತ್ತೇನೋ — ಆಗ ಹಿರಿಯ ಸುಬ್ಬರಾಯಪ್ಪ ತೆಲುಗಿನಲ್ಲೇ ಕೇಳಿದ, ತಾಯೆತ್ತು ಉಂಡಗಾ ಎಟ್ಲಮ್ಮಾ ತಗುಲುತುಂದಿ, ತಾಯತ ಇರುವಾಗ ಹೇಗಮ್ಮ ತಾಗೀತು, ಅವನ ಮುಖದಲ್ಲಿ ತಮಾಷೆಯೇ ಇರಲಿಲ್ಲ, ಸುತ್ತ ಯಾರ ಮುಖದಲ್ಲೂ ಇರಲಿಲ್ಲ, ಅಯ್ಯೋ ದೇವರೇ, ಇವರೆಲ್ಲ ನಿಜವಾಗಿಯೂ ಅದು ತಮ್ಮನ್ನು ಕಾಯುತ್ತದೆ ಎಂದೇ ನಂಬಿದ್ದಾರೆ, ಇಷ್ಟು ವರ್ಷ ಒಬ್ಬರೂ ಹೇಳಿಲ್ಲ. ತಾಯಿಯ ತೆಲುಗು ಎಲ್ಲಿತ್ತೋ ನಾಲಿಗೆಗೆ ಬಂತು, ಇದಿ ತಾಯೆತ್ತು ಕಾದು ತಾತಾ, ಇದು ತಾಯತ ಅಲ್ಲ, ಸಾಕ್ಷಿ, ಕಾಯೋದಿಲ್ಲ, ಕಂಡದ್ದನ್ನ ಹೇಳುತ್ತೆ ಅಷ್ಟೆ, ನಿಮ್ಮನ್ನ ಕಾಯೋದು ಗೋಡೆ, ದೂರ, ಬೇಗ ಆಚೆ ಬರೋದು. ಕದಿರೇಶ ತಲೆ ಎತ್ತಿದ, ಹಂಗಾದ್ರೆ ಮೇಡಂ, ಮಿಷನ್ನಿಗೆ ಕಟ್ಟಿದ್ನಲ್ಲ ಅದೇನಾಯ್ತು. ಯಾವ ಮಿಷನ್ನಿಗೆ, ಎಂದಳು. ಆ ಕೋಣೇದಕ್ಕೇ ಮೇಡಂ, ಆಯುಧಪೂಜೆ ದಿವಸ, ನಮ್ಮನ್ನ ಕಾಯೋದು ಮಿಷನ್ನನ್ನೂ ಕಾಯ್ಲಿ ಅಂತ ಚೆಂಡುಹೂವಿನ ಹಾರದ ಜೊತೆ ನನ್ ತಾಯತಾನೂ ಅದರ ಕುತ್ತಿಗೆಗೆ ಕಟ್ಟಿ ಬೀಗ ಹಾಕಿಸಿ ತಾಯಲೂರಿಗೆ ಹೋದೆ, ಅತ್ತೆ ಮನೇಗೆ, ಹಬ್ಬ ಮುಗಿಸ್ಕೊಂಡು ಬಂದು ಬಿಚ್ಕೊಂಡೆ — ಸಹನಳಿಗೆ ಥಟ್ಟನೆ ನೆನಪಾಯಿತು, ಎಸಳು, ಲ್ಯಾಬಿಗೆ ಕಳಿಸಲು ಬ್ಯಾಡ್ಜುಗಳನ್ನು ಕಟ್ಟುವಾಗ ಇವನ ಬ್ಯಾಡ್ಜಿನ ಕ್ಲಿಪ್ಪಿನ ಸಂದಿಯಿಂದ ಒಣಗಿದ ಕೇಸರಿ ಎಸಳೊಂದು ಮೇಜಿನ ಮೇಲೆ ಬಿದ್ದಿತ್ತು, ಎಲ್ಲಿಂದ ಬಂತೋ ಎಂದು ಊದಿ ಹಾರಿಸಿದ್ದಳು. ಮುಚ್ಚಿಟ್ಟಾಗಲೂ ಆ ಮಿಷನ್ನಿನಿಂದ ವಿಕಿರಣ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತದೆ, ಹಬ್ಬದಷ್ಟು ದಿನವೂ ಹಗಲು ರಾತ್ರಿ ಬ್ಯಾಡ್ಜು ಅದಕ್ಕೆ ಅಂಟಿಕೊಂಡೇ ಇತ್ತು. ಅಂಕಿ ಕದಿರೇಶನದಲ್ಲ, ಮಿಷನ್ನಿನದು.

ಬಾಯಿಮಾತಿಗೆ ಬೆಲೆಯೇನು ಎಂದರು ಗಂಗಾಧರ್, ಸರಿ ಸಾರ್ ಎಂದು ಅವಳು ಇನ್ನೊಂದು ಬ್ಯಾಡ್ಜನ್ನು ಹಾಗೆಯೇ, ಅಷ್ಟೇ ದಿನ, ಅದೇ ಕುತ್ತಿಗೆಗೆ ಕಟ್ಟಿಸಿದಳು, ಅಂಕಿ ಹೆಚ್ಚುಕಮ್ಮಿ ಅದೇ ಬಂತು, ಕದಿರೇಶನ ರಕ್ತವೂ ಪರೀಕ್ಷೆಗೆ ಹೋಯಿತು, ಇವತ್ತು ಬೆಳಿಗ್ಗೆ ಅದರ ಉತ್ತರ ಬಂತು, ಅವನು ಅಲ್ಲೇ ನಿಂತು ಹೆಂಡತಿಗೆ ಫೋನು ಹಚ್ಚಿದ, ನಂಗೇನೂ ಇಲ್ವಂತೆ ಕಣೇ, ಆ ಅಂಕಿ ಮಿಷನ್ನಿನದ್ದಂತೆ, ಎನ್ನುತ್ತಲೇ ಅತ್ತುಬಿಟ್ಟ, ಆ ಕಡೆ ಅನಿತಳೂ ಅತ್ತಿರಬೇಕು. ಗಂಗಾಧರ್ ಎಲ್ಲರೆದುರಿಗೇ ಅಂದರು, ಇನ್ಮೇಲೆ ಯಾರ್ಯಾರ್ದು ಎಷ್ಟು ಅಂತ ಅವರವರಿಗೇ ಹೇಳ್ತೀವಿ, ಅನ್ನುವಷ್ಟರಲ್ಲಿ ನೂಕುನುಗ್ಗಲು, ನಂದೆಷ್ಟು ಮೇಡಂ, ನಂದು, ತೆಲುಗಿನಲ್ಲೂ ಅದೇ, ನಾದೆಂತ ಮೇಡಂ, ಒಬ್ಬೊಬ್ಬನ ಕಿವಿಗೂ ಹೇಳಿ ಹೇಳಿ ಅವಳ ಗಂಟಲು ಕಟ್ಟಿತು, ಕಟ್ಟಲಿ, ಇಂಥ ಗಂಟಲು ದಿನಾ ಕಟ್ಟಲಿ, ಕೊನೆಗೆ ಆ ಕೋಣೆ ಗುಡಿಸುವ ಮುನಿಗಂಗಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು, ನಂಗ್ಯಾಕಮ್ಮ ಸಾಕ್ಷಿ ಇಲ್ಲ, ನಾನೇನು ಗೋಡೇನಾ. ಸಾಕ್ಷಿ ಅಂದಳು, ತಾಯತ ಅನ್ನಲಿಲ್ಲ, ಅವಳ ಹೆಸರಿಗೂ ಒಂದು ಬ್ಯಾಡ್ಜು ಬರೆಸಿಯೇ ಸಹನ ಇವತ್ತು ಗೇಟು ದಾಟಿದ್ದು. ಅಗೋ ಟೇಕಲ್ ಬೆಟ್ಟ, ಗಾಡಿ ನಿಧಾನವಾಗುತ್ತಿದೆ, ಹೇಳದೇ ಇದ್ದಿದ್ದರೆ, ಸಹನೆಯಿಂದ ಸುಮ್ಮನೆ ಇದ್ದಿದ್ದರೆ, ಕದಿರೇಶ ಯಾಕೆಂದು ತಿಳಿಯದೆ ಮನೆಗೆ ಹೋಗುತ್ತಿದ್ದ, ಹಾರದ ಮಾತು ಅವನ ಬಾಯಿಂದ ಬರುತ್ತಲೇ ಇರಲಿಲ್ಲ, ಬಗ್ಗಿ ಎಸಳನ್ನು ಎತ್ತಿಕೊಳ್ಳುತ್ತಾಳೆ, ಊದುವುದಿಲ್ಲ ಈ ಸಲ, ಅಂಗೈಯಲ್ಲಿ ಇಟ್ಟುಕೊಂಡು ಬಾಗಿಲ ಹತ್ತಿರ ಬರುತ್ತಾಳೆ, ಅಪ್ಪನಿಗೆ ಎಲ್ಲಿಂದ ಶುರುಮಾಡಿ ಹೇಳುವುದು, ಇಲ್ಲಿಂದಲೇ, ಈ ಎಸಳು, ಕ್ಲಿಪ್ಪಿನ ಸಂದಿಯಿಂದ ಬಿದ್ದ ಆ ಎಸಳು —